ಪೊರಿಗಾನ್ ಪ್ರಕರಣ: ಒಂದು ಸಂಖ್ಯೆಯ ಪರಾಮರ್ಶೆ

1997ನೆಯ ಇಸವಿ ಡಿಸೆಂಬರ್ 16ನೆಯ ತಾರೀಖು, ಮಂಗಳವಾರ ಸಂಜೆ ಆರೂವರೆ ಗಂಟೆಗೆ, ಜಪಾನಿನ ಟಿವಿ ಟೋಕಿಯೋ ಸಂಸ್ಥೆಯು ಮಕ್ಕಳ ಕಾರ್ಟೂನ್ ಮಾಲೆಯೊಂದರ 38ನೆಯ ಕಂತನ್ನು ಪ್ರಸಾರ ಮಾಡಿತು. ಮಾಲೆಯ ಹೆಸರು ‘ಪಾಕೆಟ್ ಮಾನ್‌ಸ್ಟರ್ಸ್’. ಲೋಕಕ್ಕೆ ಅದು ‘ಪೋಕೆಮಾನ್’ ಎಂದೇ ಪರಿಚಿತ. ಕಂತಿನ ಹೆಸರು ‘ದೆನ್ನೋ ಸೆನ್ಶಿ ಪೊರಿಗಾನ್’. ‘ಗಣಕಯೋಧ ಪೊರಿಗಾನ್’ ಎಂದು ಅದನ್ನು ಕನ್ನಡಿಸಬಹುದು. ಅಂದಾಜು 46 ಲಕ್ಷ ಮನೆಗಳಲ್ಲಿ ಅದನ್ನು ನೋಡಿದರು. ಹಾಗೆ ನೋಡಿದವರಲ್ಲಿ 685 ಮಂದಿಯನ್ನು ಆಂಬುಲೆನ್ಸುಗಳಲ್ಲಿ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಅವರಲ್ಲಿ ಬಹುಪಾಲು ಮಕ್ಕಳು. ಈ ಸಂಖ್ಯೆಯು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಇಂದಿಗೂ ಈ ಪ್ರಕರಣವನ್ನು ಪ್ರಸ್ತಾಪಿಸುವವರು ಮೊದಲು ಹೇಳುವುದು ಅದನ್ನೇ.

ಬನವಾಸಿ ಪನ್ನಿರ್ಛಾಸಿರ, ಗಂಗವಾಡಿ ತೊಂಬತ್ತಾರುಸಾಸಿರ ಎಂಬ ಶಾಸನೋಕ್ತಿಗಳನ್ನು ಕಂಡಾಗ, ಆ ಸಂಖ್ಯೆ ಎಣಿಸುವುದು ಏನನ್ನು, ಗ್ರಾಮಗಳನ್ನೋ ಹುಟ್ಟುವಳಿಯನ್ನೋ, ಎಂದು ನಾವು ಮೊದಲು ಕೇಳುತ್ತೇವೆ. ಸಮೀಪಕಾಲದ ಘಟನೆಗಳ ವಿಷಯದಲ್ಲಿ ಮಾತ್ರ ಅಚ್ಚಾದ ಅಂಕಿಯನ್ನು ಕಂಡೊಡನೆ ನಂಬಿಬಿಡುವುದು ರೂಢಿಯಾಗಿದೆ. ಆ ಕಂತು ಹೇಗೆ ಸಿದ್ಧವಾಯಿತು, ಸಮಾಜ ಅದನ್ನು ಹೇಗೆ ಬರಮಾಡಿಕೊಂಡಿತು ಎಂಬ ಎರಡು ಅಂಶಗಳನ್ನು ಪರಿಶೀಲಿಸಿ, 685 ಎಂಬ ಸಂಖ್ಯೆಯ ಅರ್ಥವನ್ನು ನಿರ್ಣಯಿಸಲು ಯತ್ನಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ನಿರ್ಮಾಣದ ವಿಚಾರ. 1963ನೆಯ ಇಸವಿ ಜನವರಿ 1ರಂದು ಒಸಾಮು ತೆಜುಕ ಅವರ ‘ತೆತ್ಸುವಾನ್ ಆತೋಮು’ ಎಂಬ ಮಾಲೆಯ ಪ್ರಸಾರ ಆರಂಭವಾದಂದಿನಿಂದ ಜಪಾನಿನ ಟೆಲಿವಿಷನ್ ಕಾರ್ಟೂನು ಮಿತವ್ಯಯದ ಕಲೆಯಾಗಿ ಬೆಳೆಯಿತು. ಚಲನಚಿತ್ರದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಬೇಕು. ವಾರಕ್ಕೊಂದು ಕಂತನ್ನು ಒದಗಿಸಬೇಕಾದ ಕಲಾವಿದರು ಅಷ್ಟೂ ಚೌಕಟ್ಟುಗಳಿಗೆ ಹೊಸ ಚಿತ್ರಗಳನ್ನು ಬರೆಯುವುದು ಅಸಾಧ್ಯ. ಆದಕಾರಣ ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಿ ಎಂಟು ಚಿತ್ರಗಳಲ್ಲೇ ಸೆಕೆಂಡನ್ನು ತುಂಬುವ, ನಿಶ್ಚಲ ಚಿತ್ರದ ಮೇಲೆ ಕ್ಯಾಮೆರಾವನ್ನು ಸರಿಸುವ, ಬೆಳಕಿನ ಮಿನುಗಿನಿಂದ ವೇಗದ ಭ್ರಮೆಯನ್ನು ಹುಟ್ಟಿಸುವ ಉಪಾಯಗಳು ರೂಢಿಗೆ ಬಂದವು. ಇವುಗಳಲ್ಲಿ ಒಂದಕ್ಕೆ ‘ಪಕಪಕ’ ಎಂದು ಹೆಸರು. ಎರಡು ಬಣ್ಣಗಳು ಒಂದಾದ ಮೇಲೊಂದರಂತೆ ಶೀಘ್ರವಾಗಿ ಮಿನುಗುವುದೇ ಅದರ ಲಕ್ಷಣ. ಸ್ಫೋಟ, ಸಿಡಿಲು, ಮಾಯಾಶಕ್ತಿಗಳನ್ನು ತೋರಿಸಲು ಇದಕ್ಕಿಂತ ಅಗ್ಗವಾದ ಸಾಧನ ಮತ್ತೊಂದಿರಲಿಲ್ಲ.

ಕಂತಿನ ಕಥೆಯೂ ಇಂತಹ ಉಪಾಯಕ್ಕೆ ಅನುಕೂಲವಾಗಿಯೇ ಇತ್ತು. ಪೋಕೆಮಾನ್ ಜೀವಿಗಳನ್ನು ಊರಿಂದೂರಿಗೆ ಕಳುಹಿಸುವ ಗಣಕಯಂತ್ರವು ಕೆಟ್ಟುನಿಲ್ಲುತ್ತದೆ. ಬಾಲನಾಯಕ ಸಾತೋಶಿ, ಅವನ ಸಂಗಾತಿಯಾದ ಪಿಕಾಚು ಮತ್ತು ಗೆಳೆಯರು, ಪೊರಿಗಾನ್ ಎಂಬ ಕೃತಕ ಜೀವಿಯ ನೆರವಿನಿಂದ ಯಂತ್ರದ ಒಳಲೋಕವನ್ನು ಪ್ರವೇಶಿಸುತ್ತಾರೆ. ಇದನ್ನರಿಯದೆ ಹೊರಗಿನವರು ಯಂತ್ರದ ರೋಗವನ್ನು ಕಳೆಯಲು ನಿವಾರಕ ಕ್ರಮವಿಧಿಯೊಂದನ್ನು ಒಳಗೆ ಬಿಡುತ್ತಾರೆ. ಅದು ಕ್ಷಿಪಣಿಗಳ ರೂಪದಲ್ಲಿ ಇವರ ಮೇಲೆಯೇ ಎರಗುತ್ತದೆ. ಆಗ ಪಿಕಾಚು ತನ್ನ ಮಿಂಚಿನಿಂದ ಕ್ಷಿಪಣಿಗಳನ್ನು ಸಿಡಿಸುತ್ತದೆ. ಪ್ರಸಾರ ಮೊದಲಾಗಿ ಸುಮಾರು ಇಪ್ಪತ್ತು ನಿಮಿಷಗಳಾಗಿದ್ದಾಗ ಬಂದ ಈ ಸ್ಫೋಟದಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು, ಕೆಲವು ಸೆಕೆಂಡುಗಳ ಕಾಲ, ಸೆಕೆಂಡಿಗೆ ಸುಮಾರು 12 ಬಾರಿಯಂತೆ, ಬಹುಮಟ್ಟಿಗೆ ಇಡೀ ಪರದೆಯನ್ನು ತುಂಬಿ ಮಿನುಗಿದವು. ಒಂದು ಚೌಕಟ್ಟು ಕೆಂಪು, ಮರುಚೌಕಟ್ಟು ನೀಲಿ ಎಂದು ಜೋಡಿಸಿದರೆ 24 ಚೌಕಟ್ಟುಗಳಲ್ಲಿ 12 ಆವರ್ತಗಳಾಗುವುದು ಸರಳ ಗಣಿತ. ಅದರ ಹಿಂದೆ ದುರುದ್ದೇಶವನ್ನಾಗಲಿ ಹೊಸ ಪ್ರಯೋಗವನ್ನಾಗಲಿ ಕಲ್ಪಿಸಬೇಕಾಗಿಲ್ಲ. ರೂಢಿಯ ಉಪಾಯವನ್ನೇ ಅದರ ಕಟ್ಟಕಡೆಯ ವೇಗಕ್ಕೆ ಕೊಂಡೊಯ್ದಂತಾಯಿತು, ಅಷ್ಟೆ.

ಮಿನುಗುವ ಬೆಳಕಿಗೂ ಮೂರ್ಛೆಗೂ ಇರುವ ಸಂಬಂಧ ಆಗ ಅಜ್ಞಾತವಾಗಿತ್ತೇ? ಇಲ್ಲ. 1946ರಲ್ಲಿಯೇ ಇಂಗ್ಲೆಂಡಿನ ಗ್ರೇ ವಾಲ್ಟರ್ ಮತ್ತು ಸಂಗಡಿಗರು ಮಿನುಗುದೀಪಕ್ಕೆ ಮಿದುಳಿನ ವಿದ್ಯುದಲೆಗಳು ಹೇಗೆ ಓಗೊಡುತ್ತವೆಂಬುದನ್ನು ದಾಖಲಿಸಿದ್ದರು. 1950ರ ದಶಕದಿಂದಲೇ ಟೆಲಿವಿಷನ್ ನೋಡುವಾಗ ಬರುವ ಮೂರ್ಛೆಯ ವರದಿಗಳು ವೈದ್ಯಪತ್ರಿಕೆಗಳಲ್ಲಿ ಬರುತ್ತಿದ್ದವು. 1993ರಲ್ಲಿ ಬ್ರಿಟನ್ನಿನಲ್ಲಿ ಜಾಹೀರಾತೊಂದನ್ನು ನೋಡಿ ಕೆಲವರಿಗೆ ಮೂರ್ಛೆ ಬಂದ ಮೇಲೆ, ಅಲ್ಲಿಯ ಪ್ರಸಾರ ನಿಯಂತ್ರಣ ಮಂಡಲಿಯು ಮಿನುಗುಚಿತ್ರಗಳಿಗೆ ಮಿತಿಯನ್ನು ವಿಧಿಸಿತ್ತು. ಜಪಾನಿನಲ್ಲಿಯೇ ಅದೇ 1997ರ ಮಾರ್ಚ್ ತಿಂಗಳಲ್ಲಿ, ಎನ್.ಎಚ್.ಕೆ. ಪ್ರಸಾರ ಮಾಡಿದ ಮತ್ತೊಂದು ಕಾರ್ಟೂನಿನಿಂದ ಕೆಲವು ಮಕ್ಕಳು ಅಸ್ವಸ್ಥರಾಗಿದ್ದರು. ಜ್ಞಾನವಿತ್ತು; ಆದರೆ ಅದು ವೈದ್ಯರ ಗ್ರಂಥಾಲಯದಿಂದ ಚಿತ್ರಕಾರನ ಮೇಜಿನವರೆಗೆ ನಡೆದುಬಂದಿರಲಿಲ್ಲ. ಈ ಪ್ರಕರಣದ ನಿಜವಾದ ಕಾರಣವನ್ನು ನಾವು ಅರಸಬೇಕಾದುದು ಈ ಅಂತರದಲ್ಲಿಯೇ.

ಇನ್ನು ಸಂಖ್ಯೆಯ ವಿಚಾರ. ಜಪಾನಿನಲ್ಲಿ ಆಂಬುಲೆನ್ಸ್ ಸೇವೆಯು ಅಗ್ನಿಶಾಮಕ ಇಲಾಖೆಗೆ ಸೇರಿದೆ. ಆದ್ದರಿಂದ 685 ಎಂಬುದು ರೋಗನಿರ್ಣಯದ ಸಂಖ್ಯೆಯಲ್ಲ, ಸಾಗಾಟದ ಸಂಖ್ಯೆ. ಇವರಲ್ಲಿ 310 ಮಂದಿ ಗಂಡು, 375 ಮಂದಿ ಹೆಣ್ಣು. ಕೆಲವರಿಗೆ ಕೈಕಾಲು ಸೆಳೆದು ಪ್ರಜ್ಞೆ ತಪ್ಪಿತ್ತು. ಹಲವರಿಗೆ ಕಣ್ಣು ಮಂಜಾಗಿ, ತಲೆ ಸುತ್ತಿ, ಓಕರಿಕೆ ಬಂದಿತ್ತು. ಹೆಚ್ಚಿನವರು ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅಥವಾ ಹೋದ ಸ್ವಲ್ಪ ಹೊತ್ತಿನಲ್ಲೇ ಚೇತರಿಸಿಕೊಂಡರು. 150ಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಇಬ್ಬರು ಎರಡು ವಾರಗಳಿಗೂ ಹೆಚ್ಚು ಕಾಲ ಅಲ್ಲಿದ್ದರು. ಬೆಳಕು-ಸಂವೇದಿ ಅಪಸ್ಮಾರವಿದೆಯೆಂದು ವೈದ್ಯರು ನಿರ್ಣಯಿಸಿದ್ದು ಇವರಲ್ಲಿ ಒಂದು ಅಲ್ಪಭಾಗದ ವಿಷಯದಲ್ಲಿ ಮಾತ್ರ. ಆದರೆ ಮೂರ್ಛೆ ಬಂದವರಲ್ಲಿ ಹೆಚ್ಚಿನವರಿಗೆ ಅದಕ್ಕೆ ಹಿಂದೆ ಎಂದೂ ಮೂರ್ಛೆ ಬಂದಿರಲಿಲ್ಲ ಎಂಬುದನ್ನೂ ಮರೆಯಲಾಗದು.

ಆ ರಾತ್ರಿ ಮತ್ತೊಂದು ವಿಪರ್ಯಾಸವೂ ನಡೆಯಿತು. ಘಟನೆಯನ್ನು ವರದಿ ಮಾಡಿದ ವಾರ್ತಾಪ್ರಸಾರಗಳಲ್ಲಿ ಅದೇ ದೃಶ್ಯವನ್ನು ಮರಳಿ ತೋರಿಸಲಾಯಿತು. ಅದರಿಂದ ಇನ್ನೂ ಕೆಲವರು ಅಸ್ವಸ್ಥರಾದರು. ಅನಂತರದ ದಿನಗಳಲ್ಲಿ ಸುದ್ದಿಯು ಮನೆಗಳಲ್ಲಿ, ಶಾಲೆಗಳಲ್ಲಿ ಚರ್ಚೆಯ ವಿಷಯವಾಯಿತು. ತಮಗೂ ಏನೋ ಆಯಿತೆಂದು ಹೇಳಿದ ಮಕ್ಕಳ ಸಂಖ್ಯೆ 12,000ದಷ್ಟಾಯಿತೆಂದು ವರದಿಯಾಯಿತು. ಈ ಏರಿಕೆಯನ್ನು ಗಮನಿಸಿ, ಬೆಂಜಮಿನ್ ರಾಡ್‌ಫೋರ್ಡ್ ಮತ್ತು ರಾಬರ್ಟ್ ಬಾರ್ಥೊಲೊಮ್ಯೂ ಎಂಬ ಸಂಶೋಧಕರು 2001ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕೆಲವರಿಗೆ ನಿಜವಾದ ಮೂರ್ಛೆ ಬಂದಿತೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ತಲೆನೋವು, ತಲೆಸುತ್ತು, ಓಕರಿಕೆಗಳೇ ಪ್ರಧಾನವಾಗಿದ್ದ ಬಹುಸಂಖ್ಯೆಯ ಪ್ರಸಂಗಗಳು ಸುದ್ದಿಯಿಂದ ಹಬ್ಬಿದ ಸಾಮೂಹಿಕ ಉದ್ವೇಗದ ಫಲವೆಂಬುದು ಅವರ ವಾದ.

ಈ ವಾದವನ್ನು ಹೇಗೆ ತೂಗಬೇಕು? ಬೆಳಕು-ಸಂವೇದನೆಯುಳ್ಳವರು ಜನಸಾಮಾನ್ಯರಲ್ಲಿ ಸುಮಾರು ನಾಲ್ಕು ಸಾವಿರಕ್ಕೆ ಒಬ್ಬರೆಂದೂ, ಬಾಲ್ಯ ಮತ್ತು ಹದಿಹರೆಯಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚೆಂದೂ ವೈದ್ಯಶಾಸ್ತ್ರದ ಅಂದಾಜು. 46 ಲಕ್ಷ ಮನೆಗಳಲ್ಲಿ ಮನೆಗೊಬ್ಬರೇ ನೋಡಿದರೆಂದು ಹಿಡಿದರೂ ಅಂಥವರು ಸಾವಿರಕ್ಕೂ ಮಿಕ್ಕಿ ಇರಲೇಬೇಕು. ಅವರೆಲ್ಲರಿಗೂ ಮೂರ್ಛೆ ಬರಲೇಬೇಕೆಂಬ ನಿಯಮವಿಲ್ಲ. ಆದರೂ 685 ಎಂಬುದು ಬೆಳಕಿನ ಕಾರಣಕ್ಕೆ ಮೀರಿದ ಸಂಖ್ಯೆಯಲ್ಲವೆಂದು ಇದರಿಂದ ತಿಳಿಯುತ್ತದೆ. 12,000ದ ಮಾತು ಬೇರೆ. ಸುಮಾರು 380 ಮನೆಗಳಿಗೆ ಒಬ್ಬರಂತಾಗುವ ಆ ಪ್ರಮಾಣವನ್ನು ಬೆಳಕೊಂದರಿಂದಲೇ ವಿವರಿಸುವುದು ಕಷ್ಟ. ಹೀಗೆ ‘ಪೊರಿಗಾನ್ ಪ್ರಕರಣ’ವೆಂಬ ಒಂದೇ ಹೆಸರಿನ ಕೆಳಗೆ ಎರಡು ಘಟನೆಗಳು ಅಡಗಿವೆ: ಮೊದಲನೆಯದು ಬೆಳಕಿನಿಂದ ಆದದ್ದು, ಎರಡನೆಯದು ಸುದ್ದಿಯಿಂದ ಆದದ್ದು. ಎಲ್ಲವೂ ಮೂರ್ಛೆಯೆಂದು ಹೇಳಿದರೆ ಪ್ರಮಾಣಕ್ಕೆ ದ್ರೋಹವಾಗುತ್ತದೆ. ಎಲ್ಲವೂ ಭ್ರಮೆಯೆಂದು ಹೇಳಿದರೆ ಅಂದು ತಾಯಿಯ ಕಣ್ಣೆದುರಿಗೆ ಪ್ರಜ್ಞೆ ತಪ್ಪಿ ಬಿದ್ದ ಮಗುವಿಗೆ ದ್ರೋಹವಾಗುತ್ತದೆ. ಹೆದರಿಕೆಯಿಂದ ಬಂದ ಓಕರಿಕೆಯೂ ಆ ಮಗುವಿನ ಪಾಲಿಗೆ ಓಕರಿಕೆಯೇ ಎಂಬುದನ್ನು ಇಲ್ಲಿ ಸೇರಿಸಿ ಹೇಳಬೇಕು.

ಸಂಸ್ಥೆಗಳು ಈ ವಿವೇಚನೆಗೆ ಕಾಯಲಿಲ್ಲ. ಮಾಲೆಯ ಪ್ರಸಾರ ನಿಂತಿತು. ವೀಡಿಯೋ ಅಂಗಡಿಗಳು ಅದರ ಕ್ಯಾಸೆಟ್ಟುಗಳನ್ನು ಕಪಾಟಿನಿಂದ ತೆಗೆದವು. ನಿಂಟೆಂಡೋ ಕಂಪೆನಿಯ ಷೇರುಗಳ ಬೆಲೆ ಶೇಕಡಾ ಐದರಷ್ಟು ಕುಸಿಯಿತು. ಮೂಲ ಆಟವು 1996ರಲ್ಲಿ ಗೇಮ್ ಬಾಯ್ ಎಂಬ ಸಣ್ಣ ಯಂತ್ರಕ್ಕಾಗಿ ಬಂದದ್ದು, ಅದರಲ್ಲಿ ಬಣ್ಣವೇ ಇರಲಿಲ್ಲ. ಆದ್ದರಿಂದ ಹೊಣೆ ತಮ್ಮದಲ್ಲವೆಂದು ಕಂಪೆನಿಯ ಅಧ್ಯಕ್ಷ ಹಿರೋಷಿ ಯಮಾಉಚಿ ಪತ್ರಿಕಾಗೋಷ್ಠಿಯಲ್ಲಿ ತಿಳಿಸಿದರು. ಮಾತು ನಿಜ; ಆದರೆ ಎಲ್ಲರೂ ಮೊದಲು ಹುಡುಕುತ್ತಿದ್ದುದು ಕಾರಣವನ್ನಲ್ಲ, ಹೊಣೆಯ ಗಡಿಯನ್ನು ಎಂಬುದಕ್ಕೆ ಅದು ನಿದರ್ಶನವೂ ಹೌದು. ನಾಲ್ಕು ತಿಂಗಳ ತರುವಾಯ, 1998ರ ಏಪ್ರಿಲ್ 16ರಂದು, ಮಾಲೆಯು ಪುನಃ ಆರಂಭವಾಯಿತು. ಆದರೆ 38ನೆಯ ಕಂತನ್ನು ಮತ್ತೆ ಪ್ರಸಾರ ಮಾಡಲಿಲ್ಲ. ಬೇರಾವ ದೇಶಕ್ಕೂ ಅದು ಹೋಗಲಿಲ್ಲ. ಅನಂತರದ ವರ್ಷಗಳಲ್ಲಿ ಪೊರಿಗಾನ್ ಮಾಲೆಯಲ್ಲಿ ಮತ್ತೆ ಪ್ರಮುಖ ಪಾತ್ರವಾಗಿ ಕಾಣಿಸಿಕೊಳ್ಳಲೇ ಇಲ್ಲ. ಮಿಂಚನ್ನು ಹಾರಿಸಿದ್ದು ಪಿಕಾಚು. ಆದರೆ ಪಿಕಾಚು ಮಾಲೆಯ ಕಣ್ಮಣಿ, ವ್ಯಾಪಾರದ ಮುದ್ರೆ. ಕಂತಿನ ಶೀರ್ಷಿಕೆಯಲ್ಲಿ ಹೆಸರಿದ್ದ ಕಾರಣದಿಂದಲೇ ಪೊರಿಗಾನ್ ಅಪರಾಧಿಯಾಯಿತು. ಲೋಕವು ದೋಷವನ್ನು ಕ್ರಿಯೆಗಿಂತ ಹೆಸರಿಗೆ ಹಚ್ಚುವುದು ಹೊಸದೇನಲ್ಲ.

ಬಹಿಷ್ಕಾರವು ಎಲ್ಲರ ಕಣ್ಣಿಗೆ ಬಿದ್ದಿತು. ಆದರೆ ಮಕ್ಕಳನ್ನು ಕಾದದ್ದು ಅದಲ್ಲ. 1998ರ ಏಪ್ರಿಲ್ ತಿಂಗಳಲ್ಲಿ ಎನ್.ಎಚ್.ಕೆ. ಮತ್ತು ಖಾಸಗಿ ಪ್ರಸಾರ ಸಂಸ್ಥೆಗಳ ಒಕ್ಕೂಟ ಸೇರಿ ಮಾರ್ಗಸೂಚಿಯೊಂದನ್ನು ಹೊರಡಿಸಿದವು. ಮಿನುಗು ಸೆಕೆಂಡಿಗೆ ಮೂರು ಬಾರಿಯನ್ನು ಮೀರಬಾರದೆಂಬುದು ಅದರ ಮೂಲತತ್ತ್ವ. ಕೆಂಪು ಬಣ್ಣದ ಮಿನುಗಿನ ವಿಷಯದಲ್ಲಿ ವಿಶೇಷ ಎಚ್ಚರವನ್ನು ಅದು ಕೇಳಿತು. ಕೋಣೆಯಲ್ಲಿ ಬೆಳಕಿಟ್ಟುಕೊಂಡು ದೂರ ಕುಳಿತು ನೋಡಬೇಕೆಂಬ ಸೂಚನೆಯು ಜಪಾನಿನ ಮಕ್ಕಳ ಕಾರ್ಯಕ್ರಮಗಳ ಮೊದಲಿಗೆ ಬರತೊಡಗಿತು. 2005ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಈ ವಿಷಯದಲ್ಲಿ ತನ್ನ ಶಿಫಾರಸನ್ನು ಪ್ರಕಟಿಸಿತು. 2008ರಲ್ಲಿ ಅಂತರ್ಜಾಲದ ಪುಟಗಳಿಗಾಗಿ ರೂಪುಗೊಂಡ ಸುಗಮ್ಯತೆಯ ನಿಯಮಗಳಲ್ಲಿಯೂ ‘ಸೆಕೆಂಡಿಗೆ ಮೂರು’ ಎಂಬ ಮಿತಿ ಸ್ಥಾನ ಪಡೆಯಿತು.

ಈ ಪ್ರಕರಣದಿಂದ ಉಳಿದ ಸಂಖ್ಯೆಗಳು ಹೀಗೆ ಮೂರು. 12,000 ಎಂಬುದು ಸುದ್ದಿಯ ಪ್ರಭಾವವನ್ನು ಎಣಿಸುತ್ತದೆ. 685 ಎಂಬುದು ಒಂದು ರಾತ್ರಿಯ ಸಂಕಟವನ್ನು, ಅದರ ಕಾರಣಗಳನ್ನು ಬಿಡಿಸಿ ಹೇಳದೆ, ಎಣಿಸುತ್ತದೆ. ಮೂರನೆಯದು 3 ಎಂಬ ಸಣ್ಣ ಅಂಕೆ. ಪತ್ರಿಕೆಗಳು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ವೈದ್ಯರ ಅರಿವು ಚಿತ್ರಕಾರನ ಮೇಜಿಗೆ ಬಂದು ತಲಪಿತೆಂಬುದಕ್ಕೆ ದೊರೆಯುವ ದಾಖಲೆ ಮಾತ್ರ ಅದೇ.