ಗಡಿಯಾಚೆಯ ಬಾನುಲಿ

ವೇದಾವತಿಯಲ್ಲಿ ನೀರು ಹರಿದರೇ ವಿಶೇಷವೆಂದೆಣಿಸುವ ನಮ್ಮ ಚಳ್ಳಕೆರೆ ಸೀಮೆಯವರಿಗೆ, ಕಡಲಿನಲ್ಲಿ ಹಡಗನ್ನು ನಿಲ್ಲಿಸಿ ಅಲ್ಲಿಂದ ಬಾನುಲಿಯನ್ನು ಬಿತ್ತರಿಸಿದವರ ಕಥೆಯು ಬರಿಯ ವಿನೋದವೆಂದು ತೋರಬಹುದು. 1964ರಲ್ಲಿ ಇಂಗ್ಲೆಂಡಿನ ತೀರದಿಂದ ಮೂರು ಮೈಲಿಗಳ ಸರಹದ್ದಿನಾಚೆ ಲಂಗರು ಹಾಕಿದ ‘ರೇಡಿಯೋ ಕ್ಯಾರೊಲೈನ್’ ಅಂತಹುದು. ಪರವಾನಗಿಯಿಲ್ಲದ ಕಾರಣ ಅದಕ್ಕೆ ಕಡಲ್ಗಳ್ಳರ ಬಾನುಲಿಯೆಂದು ಹೆಸರಾಯಿತು. ಆದರೆ ಅದಕ್ಕೂ ಮುನ್ನ, ಹಡಗಿನ ಹಂಗಿಲ್ಲದೆ, ನಮ್ಮ ಸಹ್ಯಾದ್ರಿಯ ಕಾಡಿನಲ್ಲಿಯೇ ಇಂತಹ ಸಾಹಸವೊಂದು ಆರು ವರ್ಷಗಳ ಕಾಲ ನಡೆದುದನ್ನು ನಮ್ಮಲ್ಲಿ ಬಲ್ಲವರು ವಿರಳ.

ಅದಕ್ಕೊಂದು ಪೂರ್ವಕಥೆಯುಂಟು. 1942ರ ಆಗಸ್ಟ್ ತಿಂಗಳಲ್ಲಿ ನಾಯಕರೆಲ್ಲರೂ ಸೆರೆಮನೆ ಸೇರಿದಾಗ, 22 ವರ್ಷದ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಬೊಂಬಾಯಿಯಲ್ಲಿ ‘ಕಾಂಗ್ರೆಸ್ ರೇಡಿಯೋ’ವನ್ನು ಗುಟ್ಟಾಗಿ ನಡೆಸತೊಡಗಿದರು. ಪ್ರಸಾರಯಂತ್ರವಿದ್ದ ದಿಕ್ಕನ್ನು ಎರಡು ಕಡೆಗಳಿಂದ ಅಳೆದರೆ, ಆ ಎರಡು ರೇಖೆಗಳು ಸಂಧಿಸುವಲ್ಲಿ ಅಪರಾಧಿಯ ಮನೆ. ಪೊಲೀಸರು ಇದಕ್ಕಾಗಿಯೇ ಮೋಟಾರು ಬಂಡಿಗಳನ್ನು ಬೀದಿಗಿಳಿಸಿದ್ದರು. ಆದುದರಿಂದ ಇವರು ಒಂದು ಮನೆಯಿಂದ ಇನ್ನೊಂದು ಮನೆಗೆ ಯಂತ್ರವನ್ನು ಹೊತ್ತು ಅಲೆಯಬೇಕಾಯಿತು. ನವೆಂಬರ್ 12ರಂದು ಸಿಕ್ಕಿಬಿದ್ದರು. ಉಷಾ ಅವರಿಗೆ ನಾಲ್ಕು ವರ್ಷಗಳ ಶಿಕ್ಷೆಯಾಯಿತು. ಊರೊಳಗಿನ ಬಾನುಲಿಯ ಪಾಡು ಇಷ್ಟೇ: ಸುಳಿವು ಸಿಕ್ಕಿದೊಡನೆಯೇ ಸೆರೆ.

ಆ ಬಾನುಲಿಗೆ ಬೆಂಬಲವಾಗಿದ್ದ ರಾಮಮನೋಹರ ಲೋಹಿಯಾ ಅವರೇ 1946ರ ಜೂನ್ 18ರಂದು ಮಡಗಾಂವಿನಲ್ಲಿ ನಿಷೇಧವನ್ನು ಮುರಿದು ಸಭೆ ನಡೆಸಿ, ಗೋವೆಯ ಚಳವಳಿಗೆ ಕಿಡಿ ಹೊತ್ತಿಸಿದರು. ಸಲಾಜಾರನ ಆಳ್ವಿಕೆಯಲ್ಲಿ ಗೋವೆಯ ಪತ್ರಿಕೆಗಳು ಅಚ್ಚಾಗುವ ಮೊದಲು ಅಧಿಕಾರಿಯ ಕತ್ತರಿಗೆ ತಲೆಯೊಡ್ಡಬೇಕಾಗಿತ್ತು. 1955ರ ಆಗಸ್ಟ್ 15ರಂದು ನಿರಾಯುಧರಾದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಗಡಿ ಮುಚ್ಚಿತು, ರೈಲು ನಿಂತಿತು. ಹೀಗಿರಲಾಗಿ ಒಳಗಿನ ಜನಕ್ಕೆ ಸುದ್ದಿ ಮುಟ್ಟಿಸುವ ದಾರಿ ಯಾವುದು?

ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಅವರು ಅದೇ ವರ್ಷದ ನವೆಂಬರ್ 25ರಂದು ಈ ಪ್ರಶ್ನೆಗೆ ಉತ್ತರವಿತ್ತರು. ಲಿಬಿಯಾ ಅವರು ಬೊಂಬಾಯಿಯ ಆಕಾಶವಾಣಿಯಲ್ಲಿ ಕೆಲಸ ಮಾಡಿದ್ದವರು. ಬಾನುಲಿಯನ್ನು ಮೊದಲು ಆಂಬೋಲಿಯ ಕಾಡಿನಿಂದ, ತರುವಾಯ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ನಡೆಸಿದರು. ಪೋರ್ತುಗೀಜ್ ಭಾಷೆಯಲ್ಲಿ ‘ವೋಜ್ ದ ಲಿಬೆರ್ದಾದ್’, ಕೊಂಕಣಿಯಲ್ಲಿ ‘ಗೋಂಯ್ಚ್ಯಾ ಸೊಡವಣೆಚೊ ಆವಾಜ್’, ಎಂದರೆ ಗೋವೆಯ ಬಿಡುಗಡೆಯ ಧ್ವನಿ. ಕ್ಯಾಸಲ್‌ರಾಕ್ ಎಂಬುದು ಬ್ರಿಟಿಷರ ಕಾಲದಿಂದಲೂ ರೈಲಿನ ಗಡಿಠಾಣೆ. ಪ್ರಯಾಣಿಕರ ಗಂಟುಮೂಟೆಗಳನ್ನು ಬಿಚ್ಚಿಸಿ ಸುಂಕದವರು ನೋಡುತ್ತಿದ್ದ ಸ್ಥಳ. ಗಂಟನ್ನು ತಡೆಯಬಹುದು, ಘಟ್ಟದ ಮೇಲಿನಿಂದ ಇಳಿಯುವ ಬಾನುಲಿಯ ತರಂಗಕ್ಕೆ ಸುಂಕದ ಕಟ್ಟೆಯೆಲ್ಲಿ?

ಪೋರ್ತುಗೀಜರು ಸುಮ್ಮನಿರಲಿಲ್ಲ. ಅದೇ ತರಂಗದ ಮೇಲೆ ಗದ್ದಲವನ್ನು ಹರಿಸಿ ಮಾತನ್ನು ಮುಳುಗಿಸಲು ಯತ್ನಿಸಿದರು. ಈ ಉಪಾಯವು ಗದ್ದಲದ ಯಂತ್ರದ ಬಲವಿರುವಷ್ಟು ದೂರ ಮಾತ್ರ ಸಾಗುವುದು. ಬೊಂಬಾಯಿಯ ಪೊಲೀಸರಿಗೆ ಇದ್ದುದು ಹುಡುಕುವ ಕಷ್ಟ. ಗೋವೆಯವರಿಗಾದರೋ ದಿಕ್ಕು ತಿಳಿದರೂ ಕೈ ಚಾಚುವಂತಿರಲಿಲ್ಲ.

ಇಂಗ್ಲೆಂಡಿನ ಸರಕಾರದವರಿಗೂ ಮುಂದೆ ಇದೇ ತೊಡಕು ಬಂದಿತು. ಆದರೆ ಅವರು ಹಡಗನ್ನು ಮುಟ್ಟಲಿಲ್ಲ, ಅದರ ಅನ್ನವನ್ನು ಮುಟ್ಟಿದರು. ಅಂತಹ ನಿಲಯಕ್ಕೆ ದವಸ, ಎಣ್ಣೆ, ಜಾಹೀರಾತು ಕೊಡುವುದನ್ನೂ ಅಲ್ಲಿ ದುಡಿಯುವುದನ್ನೂ ತಮ್ಮ ಪ್ರಜೆಗಳಿಗೆ ಅಪರಾಧವೆಂದು ವಿಧಿಸಿದರು. 1967ರ ಆಗಸ್ಟ್ 14ರ ನಡುರಾತ್ರಿ ಕಟ್ಟಳೆ ಜಾರಿಗೆ ಬಂದಿತು. ಕ್ಯಾರೊಲೈನ್ ಹಟ ಹಿಡಿದು ನಿಂತರೂ ಹಲವು ನಿಲಯಗಳು ಬಾಯಿ ಮುಚ್ಚಿದುವು. ಕ್ಯಾಸಲ್‌ರಾಕ್‌ನ ಅನ್ನವು ಭಾರತದ ಸಂತೆಯಿಂದ ಬರುತ್ತಿದ್ದುದರಿಂದ ಪೋರ್ತುಗೀಜರಿಗೆ ಆ ಉಪಾಯವೂ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಮರೆಮಾಚಲಾಗದು. ಪರವಾನಗಿಯಿಲ್ಲದೆ ನಿಸ್ತಂತು ಯಂತ್ರವನ್ನು ಇಟ್ಟುಕೊಳ್ಳುವುದೇ ತಪ್ಪೆನ್ನುವ 1933ರ ಕಟ್ಟಳೆಯನ್ನು ಬ್ರಿಟಿಷರು ಮಾಡಿದ್ದರು. ಸ್ವತಂತ್ರ ಭಾರತವೂ ಅದನ್ನು ಹಾಗೆಯೇ ಉಳಿಸಿಕೊಂಡಿತ್ತು. ಬಾನುಲಿಯೆಲ್ಲವೂ ಸರಕಾರದ ಸೊತ್ತಾಗಿದ್ದ ಆ ಕಾಲದಲ್ಲಿ, ಗೋವೆಯ ಕಡೆಗೆ ಮುಖಮಾಡಿದ ಈ ಬಾನುಲಿಯನ್ನು ಮಾತ್ರ ಅದು ತಡೆಯಲಿಲ್ಲ. ತಡೆಯದಿದ್ದುದು ಸರಿಯೆಂದೇ ನನ್ನ ಮತ. ಆದರೆ ನೆರೆಯ ಮನೆಯ ಗುಟ್ಟನ್ನು ಬಯಲು ಮಾಡುವ ಬಾಯಿಗೆ ದೊರೆತ ಈ ಔದಾರ್ಯವು ಸ್ವಂತ ಮನೆಯವರ ಬಾಯಿಗೆ ದೊರೆಯಲಿಲ್ಲವೆಂಬುದೂ ನಿಜ.

1961ರ ಡಿಸೆಂಬರ್ 19ರಂದು ಗೋವೆಯ ಪೋರ್ತುಗೀಜರು ಶರಣಾದರು. ಅಂದು ವಾಮನ ಮತ್ತು ಲಿಬಿಯಾ ಇಬ್ಬರೂ ಭಾರತದ ವಿಮಾನವೊಂದನ್ನೇರಿ, ಧ್ವನಿವರ್ಧಕದ ಮೂಲಕ ಪೋರ್ತುಗೀಜ್ ಮತ್ತು ಕೊಂಕಣಿಗಳಲ್ಲಿ ಬಿಡುಗಡೆಯ ವಾರ್ತೆಯನ್ನು ಆಕಾಶದಿಂದಲೇ ಸಾರಿದರು. ಕಾಡಿನ ಬಾನುಲಿ ಅಲ್ಲಿಗೆ ಮುಗಿಯಿತು. ಲಿಬಿಯಾ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಿತವಾದಾಗ ಅವರಿಗೆ ನೂರು ವರ್ಷ ತುಂಬಿತ್ತು.