ಮನೇಲಿ ಗುಂಡು ಎರಕ: ಕೋವಿ ಲೈಸೆನ್ಸ್ ಇದ್ರೂ ಅಪರಾಧ
ಕೋವಿ ಲೈಸೆನ್ಸ್ ಇದ್ರೆ ಸೀಸ ಕರಗಿಸಿ ಗುಂಡೂ ಮಾಡ್ಕೋಬಹುದು ಅಂದುಕೊಂಡವರಿದ್ದಾರೆ. ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ಇಲ್ಲದಿದ್ರೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯೂ ಆಗಬಹುದು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಇರೋ ವಿನಾಯಿತಿಯೂ ಕೋವಿ ಇಟ್ಟುಕೊಳ್ಳೋದಕ್ಕೇ ಹೊರತು ಗುಂಡು ತಯಾರಿಕೆಗಲ್ಲ. ಶಿಕಾರಿಗಂತೂ ವನ್ಯಜೀವಿ ಕಾಯ್ದೆಯ ನಿಷೇಧವಿದೆ. ತೋಟಕ್ಕೆ ನುಗ್ಗೋ ಕಾಡುಹಂದಿ ಹೊಡೆಯೋಕೂ ಅರಣ್ಯ ಇಲಾಖೆ ಅನುಮತಿ ಬೇಕು.

ಇನ್ನು ಸೀಸದ ವಿಷಯ. 327 ಡಿಗ್ರಿಗೇ ಕರಗುತ್ತೆ ಅಂತ ಅಡುಗೆ ಒಲೆ ಮೇಲೆ ಇಟ್ಟರೆ ಹೊಗೆ, ಧೂಳು ಮನೆಯಲ್ಲೇ ಉಳಿದು ಮಕ್ಕಳ ಮೈ ಸೇರುತ್ತೆ, ಮಿದುಳಿಗೆ ಪೆಟ್ಟು. ಮೂತಿಯಲ್ಲಿ ಗುಳಿ ಇರೋ ಗುಂಡು ತಾಗಿದ ಕೂಡಲೇ ಅರಳಿ ಒಡೆಯುತ್ತೆ. ಕಣ್ಣಿಗೆ ಕಾಣದ ಚೂರು ಮಾಂಸದೊಳಗೆ ಹರಡುತ್ತೆ. ತೊಳೆದರೂ, ಬೇಯಿಸಿದರೂ ಸೀಸ ಹೋಗಲ್ಲ. ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಸೀಸಕ್ಕಿಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ಸೀಸಕ್ಕಾಗಿ ಹಳೇ ಬ್ಯಾಟರಿ ಒಡೆಯೋದೂ ಬೇಡ. ಹೊಸದು ಕೊಳ್ಳುವಾಗ ಅಂಗಡಿಗೇ ವಾಪಸ್ ಕೊಡಿ.