ಬಾದಾಮಿ ಬಂಡಾಯ: ಸಾತಾರೆಯ ಅರಸನಿಗಾಗಿ ಎದ್ದ ದಂಗೆ

ಬಾದಾಮಿ ಎಂದೊಡನೆ ಚಾಲುಕ್ಯರ ಗುಹಾಲಯಗಳು, ಅಗಸ್ತ್ಯತೀರ್ಥ ಕಣ್ಮುಂದೆ ನಿಲ್ಲುತ್ತವೆ. ಅದೇ ಊರಿನ ಕೋಟೆಯ ಮೇಲೆ 1840-41ರ ಸುಮಾರಿಗೆ, ಪದಚ್ಯುತ ಅರಸನೊಬ್ಬನ ಹೆಸರಿನಲ್ಲಿ ಕೆಲವು ದಿನ ಬಾವುಟ ಹಾರಿದ ಸಂಗತಿ ಪ್ರವಾಸಿಗರ ಗಮನಕ್ಕೆ ಬರುವುದು ಅಪರೂಪ.

ಬಂಡಾಯದ ಬೇರು ಇದ್ದುದು ದೂರದ ಸಾತಾರೆಯಲ್ಲಿ. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ, ಶಿವಾಜಿ ವಂಶದ ಪ್ರತಾಪಸಿಂಹನನ್ನು ಸಾತಾರೆಯ ಗಾದಿಗೆ ಕೂರಿಸಿದವರು ಈಸ್ಟ್ ಇಂಡಿಯಾ ಕಂಪನಿಯವರೇ. ಬಾದಾಮಿ ಕೋಟೆ ಥಾಮಸ್ ಮನ್ರೋನ ಸೇನೆಯ ವಶವಾದದ್ದೂ ಅದೇ ವರ್ಷ. ಆದರೆ 1839ರ ಸೆಪ್ಟೆಂಬರ್‌ನಲ್ಲಿ ಕಂಪನಿಯು ಪ್ರತಾಪಸಿಂಹನ ಮೇಲೆ ಒಳಸಂಚಿನ ಆರೋಪ ಹೊರಿಸಿ, ಅವನನ್ನು ಪದಚ್ಯುತಗೊಳಿಸಿ ಕಾಶಿಗೆ ಗಡೀಪಾರು ಮಾಡಿತು. ಗಾದಿ ತಮ್ಮನಾದ ಶಹಾಜಿಯ ಪಾಲಾಯಿತು. ರಾಜನಿಷ್ಠರ ಅಸಮಾಧಾನ ಎರಡು ದಾರಿ ಹಿಡಿಯಿತು. ವಕೀಲ ರಂಗೋ ಬಾಪೂಜಿ ಲಂಡನ್ನಿಗೆ ತೆರಳಿ ನ್ಯಾಯ ಬೇಡಿದರೆ, ಬಾದಾಮಿಯಲ್ಲಿ ನರಸಿಂಗರಾವ್ ದತ್ತಾತ್ರೇಯ ಪೇಟ್ಕರ್ ಕತ್ತಿ ಹಿಡಿದವರನ್ನು ಕೂಡಿಸಿದ.

ಪೇಟ್ಕರ್ ಅಂಧನಾಗಿದ್ದನು. ಕಾಣದ ಕಣ್ಣಿನ ನಾಯಕನನ್ನು ನಂಬಿ ಬಂದವರು ನಿಜಾಮನ ಸೀಮೆಯ ಸುಮಾರು 125 ಮಂದಿ ಅರಬರು! ಆ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಅರಬ್ ಕೂಲಿ ಸಿಪಾಯಿಗಳು ವಿಪುಲವಾಗಿದ್ದರು. ಸಂಸ್ಥಾನದ ಗಡಿಯೂ ಇಲ್ಲಿಗೆ ದೂರವಿರಲಿಲ್ಲ. ದಂಡು ಕೋಟೆಯನ್ನು ಹಿಡಿದು, ಸರಕಾರಿ ಖಜಾನೆಯನ್ನೂ ಪೇಟೆಯನ್ನೂ ಸೂರೆಗೈದು, ಲೂಟಿಯನ್ನು ಗಡಿಯಾಚೆ ಸಾಗಿಸಿ ಮರಳಿತು. ಕೋಟೆಯ ಮೇಲೆ ಸಾತಾರೆಯ ಧ್ವಜ ಏರಿತು. ಪೇಟ್ಕರ್ 'ನರಸಿಂಹ ಛತ್ರಪತಿ' ಎಂಬ ಬಿರುದನ್ನು ಧರಿಸಿದನೆಂದೂ ಹೇಳಲಾಗಿದೆ. ಹಾಗಿದ್ದಲ್ಲಿ ಒಡೆಯನ ಪರವಾದ ಹೋರಾಟದಲ್ಲಿ ಸ್ವಂತ ರಾಜ್ಯದ ಆಸೆಯೂ ಬೆರೆತಿತ್ತೆನ್ನಬೇಕು. ಪೇಟೆ ಕಳೆದುಕೊಂಡ ಬಾದಾಮಿಯ ವರ್ತಕರಿಗೆ ಈ ಭೇದ ಮುಖ್ಯವಾಗಿರಲಾರದು.

ಆಳ್ವಿಕೆ ಬಹುಕಾಲ ಬಾಳಲಿಲ್ಲ. ಕೆಲವೇ ದಿನಗಳಲ್ಲಿ ಕಂಪನಿಯ ಸೈನ್ಯ ಬಂದು ಕೋಟೆಯನ್ನು ಮರಳಿ ಪಡೆಯಿತು. ಸೆರೆಸಿಕ್ಕ ಪೇಟ್ಕರನಿಗೆ ವಿಚಾರಣೆಯ ನಂತರ ಜೀವಾವಧಿ ಶಿಕ್ಷೆಯಾಯಿತು. 1829-30ರಲ್ಲಿ ಕಿತ್ತೂರಿನ ದತ್ತುಪುತ್ರನಿಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನಿಗೆ ಹಳ್ಳಿಗಳ ಬೆಂಬಲವಿತ್ತು. ಹೊರಗಿನ ಸಿಪಾಯಿಗಳನ್ನೇ ನೆಚ್ಚಿದ ಬಾದಾಮಿಯ ದಂಗೆಗೆ ಅಂಥ ಆಸರೆ ಇರಲಿಲ್ಲ.

ಪ್ರತಾಪಸಿಂಹ 1847ರಲ್ಲಿ ಕಾಶಿಯಲ್ಲೇ ತೀರಿಕೊಂಡನು. ಮರುವರ್ಷ ಶಹಾಜಿಯೂ ಮರಣಹೊಂದಲು, ದತ್ತಕವನ್ನು ಒಪ್ಪದ ಡಾಲ್‌ಹೌಸಿ ಸಾತಾರೆಯನ್ನು ಕಂಪನಿಯ ರಾಜ್ಯಕ್ಕೆ ಸೇರಿಸಿಕೊಂಡನು. ಲಂಡನ್ನಿನಲ್ಲಿ ಕಾದ ರಂಗೋ ಬಾಪೂಜಿ 1853ರಲ್ಲಿ ಬರಿಗೈಯಲ್ಲಿ ಹಿಂದಿರುಗಿದರು.